ಮಹಾರಾಜರ ಸೆಕೆಂಡ್ ಹ್ಯಾಂಡ್ ರಥ

ಬಹಳ ಹಿಂದೆ, ಎಂದರೆ ಇವತ್ತು ಯಾರೂ ಹೆಗಲು ಮುಟ್ಟಿ ನೋಡಿಕೊಳ್ಳಬೇಕಾಗಿಲ್ಲದಷ್ಟು ಹಿಂದೆ, ವೀಳ್ಯಾವತಿ ಎಂಬ ಒಂದು ರಾಜ್ಯವಿತ್ತು. ಭೂಪಟದಲ್ಲಿ ಹುಡುಕಬೇಡಿ, ಸಿಗುವುದಿಲ್ಲ. ಸಿಕ್ಕರೆ ಅದು ಬೇರೆ ರಾಜ್ಯ, ನಾನು ಹೇಳುತ್ತಿರುವುದಲ್ಲ. ಇಷ್ಟನ್ನು ಮೊದಲೇ ಬರೆದುಬಿಡಿ ಎಂದು ಸಂಪಾದಕರು ಹೇಳಿದ್ದಾರೆ. ಬರೆದಾಯಿತು.

ಆ ರಾಜ್ಯವನ್ನು ಸಕಲಗುಣಸಂಪನ್ನರೂ ಸದಾಪ್ರಸನ್ನರೂ ಆದ ಶ್ರೀಮನ್ಮಹಾರಾಜ ಸಂತೃಪ್ತವರ್ಮರು ಆಳುತ್ತಿದ್ದರು. ಅವರ ಆಳ್ವಿಕೆ ಅಷ್ಟು ಶಾಂತವಾಗಿ ನಡೆಯುವುದಕ್ಕೆ ಕಾರಣ ಒಂದು ಹಳೆಯ ಸಂಪ್ರದಾಯ. ವೀಳ್ಯಾವತಿಯಲ್ಲಿ ಬಾಯಲ್ಲಿ ಎಲೆಯಡಿಕೆ ಇದ್ದವರು ಮಾತಾಡುವಂತಿರಲಿಲ್ಲ. ಮಾತಾಡಬೇಕೆಂದರೆ ಉಗುಳಬೇಕು, ವೀಳ್ಯ ಕೊಟ್ಟವರ ಎದುರಿಗೇ ಉಗುಳುವುದೆಂದರೆ ಅವರ ಮುಖಕ್ಕೆ ಉಗುಳಿದಂತೆ. ಹಾಗಾಗಿ ಯಾರಾದರೂ ಏನನ್ನೋ ಕೇಳಲು ಬಾಯಿ ತೆರೆಯುತ್ತಿದ್ದಾರೆ ಎಂದು ಕಂಡ ಕೂಡಲೇ ಎದುರಿಗಿದ್ದವರು ವೀಳ್ಯದ ತಟ್ಟೆ ಮುಂದೆ ಹಿಡಿಯುತ್ತಿದ್ದರು. ಇದಕ್ಕೆ ಅತಿಥಿ ಸತ್ಕಾರ ಎಂದು ಹೆಸರು. ರಾಜಸಭೆಯಲ್ಲಿ ವಿರೋಧ ಪಕ್ಷವೂ ಇತ್ತು ಮಾರಾಯರೆ, ಇಲ್ಲ ಎನ್ನುವಂತಿಲ್ಲ. ಬೆಳಗ್ಗೆ ಬಂದು ಕೂತವರು ಸಂಜೆಯ ತನಕ ಗಂಭೀರವಾಗಿ ಜಗಿದು ಮನೆಗೆ ಹೋಗುತ್ತಿದ್ದರು.

ಆ ಸಭೆಯಲ್ಲಿ ವಾಹನಾಮಾತ್ಯರಾಗಿದ್ದವರು ಸಿಂಗಪ್ಪಯ್ಯನವರು. ಒಳ್ಳೆಯವರು, ಓದಿಕೊಂಡವರು, ತಮ್ಮ ಬುದ್ಧಿಯ ಮೇಲೆ ತಮಗೇ ತುಂಬ ಗೌರವ ಇಟ್ಟುಕೊಂಡವರು. ಹಳೆಯ ಗಾಡಿ ಕೊಂಡು ಟೋಪಿ ಹಾಕಿಸಿಕೊಳ್ಳುವ ಪ್ರಜೆಗಳನ್ನು ಕಂಡು ಮರುಗಿ ಅವರು 'ಜಾಗೃತ ಗ್ರಾಹಕ ಅಭಿಯಾನ' ಎಂಬುದನ್ನು ಶುರುಮಾಡಿದ್ದರು. ಊರೂರ ಗೋಡೆಗಳ ಮೇಲೆ ಅವರ ನಗುಮುಖದ ಚಿತ್ರ, ಅದರ ಕೆಳಗೆ ದಪ್ಪಕ್ಷರದಲ್ಲಿ: "ಗಾಡಿ ಯಾರ ಹೆಸರಿನಲ್ಲಿದೆ? ಅದರ ಮೇಲೆ ಸಾಲವಿದೆಯೆ? ಸಾಲ ತೀರಿದ್ದರೆ ಸಾಹುಕಾರರ ಎನ್.ಒ.ಸಿ. ಎಲ್ಲಿ? ಕೇಳಿ. ಕೇಳಿದ ಮೇಲೆಯೇ ಹಣ ಬಿಚ್ಚಿ." ಇದೇ ವಿಷಯದ ಮೇಲೆ ಅವರು ಸಂತೆಯಲ್ಲಿ, ಶಾಲೆಯಲ್ಲಿ, ಮದುವೆಮನೆಯಲ್ಲಿ ಭಾಷಣ ಮಾಡುತ್ತಿದ್ದರು. ಮದುವೆಮನೆಯಲ್ಲಿ ಹೆಣ್ಣಿನ ಕಡೆಯವರು ಅದನ್ನು ಇನ್ನೊಂದು ರೀತಿ ತೆಗೆದುಕೊಂಡು ಗಂಡಿನ ಸಾಲ ವಿಚಾರಿಸಲು ಹೋಗಿ ಒಂದೆರಡು ಮದುವೆ ಮುರಿದುಬಿದ್ದದ್ದೂ ಉಂಟು. ಅದನ್ನೂ ಸಿಂಗಪ್ಪಯ್ಯನವರು ಅಭಿಯಾನದ ಯಶಸ್ಸು ಎಂದೇ ಬರೆಸಿಕೊಂಡರು.

ಇಂಥ ಸಿಂಗಪ್ಪಯ್ಯನವರಿಗೆ ಜೀವನದಲ್ಲಿ ಒಂದೇ ಒಂದು ಆಸೆಯಿತ್ತು. ರಾಜಧಾನಿಯ ಪಕ್ಕದ ಹೊಳೆಗೆ ಸೇತುವೆ ಕಟ್ಟಿಸಬೇಕು. ಹೊಳೆಯ ಆ ಬದಿಗೆ ಆಚೆದಡ ಎಂಬ ಅವರ ಊರು. ಅಲ್ಲಿ ಅವರ ಅಕ್ಕ ಪುಟ್ಟತಾಯಮ್ಮ ಇದ್ದರು, ತಾಯಿಯಿಲ್ಲದ ತಮ್ಮನನ್ನು ಸೊಂಟದ ಮೇಲೆ ಹೊತ್ತು ಸಾಕಿದವರು. ಹೋದ ಮಳೆಗಾಲದಲ್ಲಿ ಅಕ್ಕನ ಸೊಸೆಗೆ ನೋವು ಕಾಣಿಸಿಕೊಂಡಾಗ ಸೂಲಗಿತ್ತಿ ಈ ದಡದಲ್ಲಿದ್ದಳು, ಹೊಳೆ ತುಂಬಿತ್ತು, ಹರಿಗೋಲಿನವನು ನೀರಿಗಿಳಿಯಲು ಒಪ್ಪಲಿಲ್ಲ. ಮಗು ಉಳಿಯಲಿಲ್ಲ. ಈಗ ಸೊಸೆ ಮತ್ತೆ ಬಸುರಿ.

"ಈ ಸಲ ಮಳೆ ಹಿಡಿಯೋದ್ರೊಳಗೆ ಸೇತುವೆ ಆಗ್ಬೇಕು ಕಣೋ ಸಿಂಗ," ಎಂದು ಅಕ್ಕ ಹೇಳಿದ್ದರು. "ಇಷ್ಟೂ ಆಗ್ದಿದ್ರೆ ನೀನು ಮಂತ್ರಿ ಆಗಿ ನಮಗೇನಪ್ಪ ಬಂತು?"

ಸಿಂಗಪ್ಪಯ್ಯನವರು ಅಕ್ಕನ ಕೈ ಹಿಡಿದು ಮಾತು ಕೊಟ್ಟಿದ್ದರು. ಅವರಿವರ ಕೈಕಾಲು ಹಿಡಿದು ಸೇತುವೆಯ ಹಣವನ್ನು ಖಜಾನೆಯಲ್ಲಿ ಬೇರೆಯಾಗಿಯೇ ತೆಗೆದಿರಿಸಿದ್ದರು. ಅದೊಂದನ್ನು ಮಾತ್ರ ಅವರು ನಿಜವಾಗಿ ಮನಸ್ಸಿಟ್ಟು ಮಾಡಿದ್ದರು ಎನ್ನಬೇಕು.

ಹೀಗಿರಲು ಒಂದು ದಿನ ನೆರೆರಾಜ್ಯದ ದೊರೆ ಎಂಟು ಗಾಲಿಯ ಹೊಸ ರಥದಲ್ಲಿ ಕೂತು ನಮ್ಮ ಮಹಾರಾಜರ ಕಣ್ಣೆದುರೇ ಹಾದುಹೋದ. ಹೋಗುವಾಗ ಕೈ ಬೇರೆ ಬೀಸಿದ. ಅವತ್ತಿನಿಂದ ಮಹಾರಾಜರಿಗೆ ಊಟ ಸೇರಲಿಲ್ಲ. ತುರ್ತುಸಭೆ ಕರೆದರು.

"ನಮಗೂ ಅಂಥದ್ದೊಂದು ಬೇಕು. ಖಜಾನೆಯಲ್ಲಿ ಏನಿದೆ?"

"ಪ್ರಭು, ಸೇತುವೆಯ ಗಂಟೊಂದೇ ಇರುವುದು," ಎಂದರು ಸಿಂಗಪ್ಪಯ್ಯನವರು, ನಾಲಿಗೆ ಕಚ್ಚಿಕೊಳ್ಳುವಷ್ಟರಲ್ಲಿ ಮಾತು ಹೊರಬಿದ್ದಾಗಿತ್ತು.

ಆಸ್ಥಾನಕವಿ ಸ್ತುತಿರತ್ನರು ಎದ್ದು ನಿಂತರು. ಮಹಾರಾಜರು ಸೀನಿದರೆ ಅದರಲ್ಲಿ ಛಂದಸ್ಸು ಹುಡುಕುವ ಪಂಡಿತರು ಅವರು. "ಮಹಾಪ್ರಭು, ಸೇತುವೆ ಎಂಬುದು ಕಟ್ಟಿದಲ್ಲೇ ನಿಲ್ಲುವ ಜಡವಸ್ತು. ರಥವಾದರೋ ಚಲನಶೀಲ. ಅಭಿವೃದ್ಧಿ ಎಂದರೆ ಚಲನೆಯಲ್ಲದೆ ಇನ್ನೇನು? ತಾವು ರಥವೇರಿದರೆ ಇಡೀ ರಾಜ್ಯ ಮುಂದಕ್ಕೆ ಹೋದಂತೆ."

ವಿರೋಧ ಪಕ್ಷದವರು ಇನ್ನೂ ಜೋರಾಗಿ ಜಗಿದರು. ಸೇತುವೆ ಕೈತಪ್ಪುತ್ತಿರುವುದು ಸಿಂಗಪ್ಪಯ್ಯನವರಿಗೆ ಕಂಡಿತು. ಆಗಲೇ ಅವರ ಬುದ್ಧಿ ಚುರುಕಾಯಿತು. ಅವರ ಬುದ್ಧಿ ಚುರುಕಾದಾಗಲೆಲ್ಲ ಯಾರಿಗಾದರೂ ತೊಂದರೆಯಾಗುತ್ತಿತ್ತು, ಆದರೆ ಅದು ಅವರ ಗಮನಕ್ಕೆ ಬಂದಿರಲಿಲ್ಲ.

"ಪ್ರಭು, ಹೊಸ ರಥ ಶೋರೂಮಿನ ಬಾಗಿಲು ದಾಟಿದೊಡನೆ ಬೆಲೆ ಇಳಿಯುತ್ತದೆ. ಜಾಣರು ಸೆಕೆಂಡ್ ಹ್ಯಾಂಡ್ ಕೊಳ್ಳುತ್ತಾರೆ. ಅದೂ ದಲ್ಲಾಳಿಗಳ ಕಾಟವಿಲ್ಲದೆ ನೇರ ಮಾಲೀಕರ ಕೈಯಿಂದ. ಅರ್ಧ ಹಣದಲ್ಲಿ ರಥ, ಉಳಿದರ್ಧದಲ್ಲಿ ಮರದ್ದಾದರೂ ಒಂದು ಸೇತುವೆ. ಪರೀಕ್ಷೆಯ ಹೊಣೆ ನನ್ನದು. ಈ ವಿಷಯದಲ್ಲಿ ನನ್ನನ್ನು ಏಮಾರಿಸುವವರು ಹುಟ್ಟಿಲ್ಲ."

"ಭಲೆ!" ಎಂದರು ಮಹಾರಾಜರು. ಸಿಂಗಪ್ಪಯ್ಯನವರು ಒಂದೇ ಏಟಿಗೆ ದೊರೆಯನ್ನೂ ಅಕ್ಕನನ್ನೂ ಉಳಿಸಿದೆನೆಂದು ಬೀಗುತ್ತ ಮನೆಗೆ ಹೋದರು.

ರಥ ಬೇಗನೆ ಸಿಕ್ಕಿತು. ಮೆರುಗನಹಳ್ಳಿಯ ಪಾಳೆಯಗಾರ ದುಗ್ಗಪ್ಪರಸ ಎಂಬವನ ಬಳಿ ಎಂಟು ಗಾಲಿಯ ರಥವೊಂದು ಮಾರಾಟಕ್ಕಿತ್ತು. ಹೊರಡುವ ಮುಂಚೆ ಸಿಂಗಪ್ಪಯ್ಯನವರು ರಥ ನೋಂದಣಿ ಕಚೇರಿಗೆ ಹೋಗಿ ಆ ರಥದ ಪೂರ್ವಾಪರ ನೋಡಬಹುದಿತ್ತು. ಕಚೇರಿ ಅರಮನೆಯ ಪಕ್ಕದಲ್ಲೇ ಇತ್ತು, ಅವರದೇ ಇಲಾಖೆ. ಆದರೆ ಅಲ್ಲಿಗೆ ಹೋದರೆ ಕೆಲಸ ಆಗುವುದಿಲ್ಲ ಎಂಬುದು ಅವರಿಗಿಂತ ಚೆನ್ನಾಗಿ ಇನ್ಯಾರಿಗೆ ಗೊತ್ತು? ಮೆರುಗನಹಳ್ಳಿಗೇ ಹೋಗಿ ನೇರವಾಗಿ ಕೇಳಿದರಾಯಿತು ಎಂದುಕೊಂಡರು.

ಮೆರುಗನಹಳ್ಳಿಯಲ್ಲಿ ರಥವನ್ನು ತೊಳೆದು, ಎಣ್ಣೆ ಸವರಿ, ಚೆಂಡುಹೂವಿನ ಹಾರ ಹಾಕಿ ನಿಲ್ಲಿಸಿದ್ದರು. ವೀಳ್ಯಾವತಿಯ ನಿಯೋಗ ಸುತ್ತುವರಿದು ಪರೀಕ್ಷೆ ಶುರುಮಾಡಿತು. ಜೋಯಿಸರು ರಥದ ನಕ್ಷತ್ರ ಕೂಡಿಸಿ ಮಹಾರಾಜರ ನಕ್ಷತ್ರಕ್ಕೆ ಹೊಂದುತ್ತದೆ ಎಂದರು. ದಂಡನಾಯಕರು ಪ್ರತಿ ಗಾಲಿಗೂ ಒಂದೊಂದು ಒದೆ ಕೊಟ್ಟು ತಲೆದೂಗಿದರು. ಯಾಕೆ ಒದ್ದರೋ ಅವರಿಗೂ ಗೊತ್ತಿರಲಿಲ್ಲ, ಎಲ್ಲರೂ ಹಾಗೆ ಒದೆಯುತ್ತಾರೆ. ಸ್ತುತಿರತ್ನರು ಗಂಟೆ ಬಾರಿಸಿ ಶಂಕರಾಭರಣ ಎಂದರು. ಮಹಾರಾಜರು ಹತ್ತಿ ಕೂತು ಎರಡು ಸಲ ಕುಪ್ಪಳಿಸಿ, "ಕುಶನ್ ಚೆನ್ನಾಗಿದೆ," ಎಂದು ಅಪ್ಪಣೆ ಕೊಡಿಸಿದರು.

"ಸಿಂಗಲ್ ಓನರ್, ಬುದ್ಧೀ," ಎಂದ ದುಗ್ಗಪ್ಪರಸ ಕೈಮುಗಿದು. "ನಮ್ಮತ್ತೆಯವರು ಶುಕ್ರವಾರ ಶುಕ್ರವಾರ ದೇವಸ್ಥಾನಕ್ಕೆ ಹೋಗಿ ಬರ್ತಿದ್ರು, ಅಷ್ಟೇಯ. ಯುದ್ಧಕ್ಕೆ ಒಂದಪಾನೂ ಇಳಿಸಿಲ್ಲ. ಮನೆಮಗಳ ಥರ ಸಾಕಿದ್ದು. ಹೊಟ್ಟೆ ಉರೀತದೆ ಕೊಡೋಕೆ. ತಮ್ಮಂಥೋರಿಗೆ ಅಂತ ಕೊಡ್ತಾ ಇವ್ನಿ."

ಸಿಂಗಪ್ಪಯ್ಯನವರು ಇವರನ್ನೆಲ್ಲ ನೋಡಿ ಒಳಗೊಳಗೇ ನಗುತ್ತ ರಥದ ಹಿಂಬದಿಗೆ ಹೋದರು. ಬಲ್ಲವರು ನೋಡುವ ಜಾಗ ಅದು. ಹೊಸ ಬಣ್ಣದ ಅಡಿಯಲ್ಲಿ ಹಳೆಯ ಅಕ್ಷರಗಳು ಉಬ್ಬಿಕೊಂಡಿದ್ದವು. ಬೆರಳಾಡಿಸಿದರು. ಗಡಿಯೂರಿನ ಸಾಹುಕಾರರೊಬ್ಬರ ಹೆಸರು, ಅದರ ಮುಂದೆ 'ಅಡಮಾನ' ಎಂಬ ಮಾತು. ತಮ್ಮ ಅಭಿಯಾನ ಇಂಥ ಒಂದು ಕ್ಷಣಕ್ಕಾಗಿಯೇ ಹುಟ್ಟಿತ್ತು ಎನಿಸಿ ಅವರಿಗೆ ರೋಮಾಂಚನವಾಯಿತು. ಎದೆ ಸೆಟೆಸಿ, ಗಂಟಲು ಸರಿಮಾಡಿಕೊಂಡು, ದುಗ್ಗಪ್ಪರಸನ ಕಡೆ ತಿರುಗಿ ಬಾಯಿ ತೆರೆದರು.

ತೆರೆದ ಬಾಯಿಗೆ ವೀಳ್ಯ ಬಂದು ಕೂತಿತು.

"ಅಯ್ಯಯ್ಯೋ, ಸಿಂಗಪ್ಪಯ್ಯನೋರಲ್ವ ತಾವು!" ಎಂದ ದುಗ್ಗಪ್ಪರಸ, ಇನ್ನೂ ಒಂದೆಲೆಯನ್ನು ಸುಣ್ಣ ಸವರಿ ತುರುಕುತ್ತ. "ಗೋಡೆ ಮೇಲೆ ನೋಡಿ ನೋಡಿ ಮುಖ ಪರಿಚಯ ಆಗೋಗದೆ. ತಮ್ಮ ಬರವಣಿಗೆ ಅಂದ್ರೆ ಏನು ಬುದ್ಧೀ ಅದು! ನಮ್ಮೂರಲ್ಲಿ ಮಕ್ಕಳು ಬಾಯಿಪಾಠ ಮಾಡವ್ರೆ. ತಾವೇ ಖುದ್ದು ಬಂದು ನೋಡ್ತೀರ ಅಂದ್ರೆ ನಮ್ಮ ರಥ ಪುಣ್ಯ ಮಾಡಿತ್ತು ಬುಡಿ."

ಇಷ್ಟು ದೂರ ತಮ್ಮ ಕೀರ್ತಿ ಹಬ್ಬಿದೆ ಎಂದು ತಿಳಿದು ಸಿಂಗಪ್ಪಯ್ಯನವರಿಗೆ ಕಣ್ಣಲ್ಲಿ ನೀರೇ ಬಂತು. ಸ್ವಲ್ಪ ಭಾಗ ಸುಣ್ಣದಿಂದ ಬಂದದ್ದೂ ಇರಬಹುದು.

"ಏನು ಅಮಾತ್ಯರೆ, ಎಲ್ಲ ಸರಿಯಿದೆಯೆ?" ಎಂದರು ಮಹಾರಾಜರು ಮೇಲಿನಿಂದ.

"ಉಂ," ಎಂದರು ಸಿಂಗಪ್ಪಯ್ಯನವರು, ಇಲ್ಲ ಎನ್ನುವ ಅರ್ಥದಲ್ಲಿ. ಹುಬ್ಬು ಮೇಲಕ್ಕೆತ್ತಿದರು. ರಥದ ಹಿಂಬದಿ ತೋರಿಸಿದರು. ತಲೆ ಅಡ್ಡಡ್ಡ ಆಡಿಸಿದರು.

"ಅಮಾತ್ಯರು ಹಿಂಬದಿಯ ಚಿತ್ತಾರವನ್ನು ಮೆಚ್ಚಿ ಆನಂದದಿಂದ ತಲೆಯಾಡಿಸುತ್ತಿದ್ದಾರೆ," ಎಂದರು ಸ್ತುತಿರತ್ನರು. ಗಂಟಿನ ಅರ್ಧ ಕೈ ಬದಲಾಯಿತು.

ಈ ಘಟನೆಯನ್ನು ಸಿಂಗಪ್ಪಯ್ಯನವರು ಆಮೇಲೆ ತಮ್ಮ ಮನಸ್ಸಿನಲ್ಲೇ ಎಷ್ಟೋ ಸಲ ವಿಚಾರಣೆಗೆ ತೆಗೆದುಕೊಂಡರು. ವೀಳ್ಯ ದೊಡ್ಡದಿತ್ತು, ಹೌದು. ಸಂಪ್ರದಾಯ ಮುರಿಯುವಂತಿರಲಿಲ್ಲ, ಅದೂ ಹೌದು. ಆದರೆ ಆ ಎಲೆಯನ್ನು ಒಂದು ದವಡೆಗೆ ಸರಿಸಿ ಎರಡು ಮಾತಾಡಲು ಜಾಗವಿತ್ತು, ಅದೂ ಅವರಿಗೆ ಗೊತ್ತಿತ್ತು. ಹೊಗಳಿಕೆ ಇನ್ನೂ ಮುಗಿದಿರಲಿಲ್ಲ, ನಡುವೆ ಬಾಯಿ ಹಾಕಲು ಮನಸ್ಸು ಬರಲಿಲ್ಲ. ಇಷ್ಟೇ ನಡೆದದ್ದು. ಕತ್ತೆ, ಶುದ್ಧ ಕತ್ತೆ ಎಂದು ಅವರು ತಮ್ಮನ್ನೇ ಬೈದುಕೊಂಡರು, ಗಟ್ಟಿಯಾಗಿ ಅಲ್ಲ.

ಆಚೆದಡದಿಂದ ಅಕ್ಕ ಬಂದು, "ಸೇತುವೆ ದುಡ್ಡು ಉಳೀತೇನೋ?" ಎಂದಾಗ, "ಅರ್ಧ ಗಟ್ಟಿಯಾಗಿ ಉಳಿದಿದೆ ಅಕ್ಕ. ಮರದ ಸೇತುವೆ ಆಗಿಯೇ ಆಗುತ್ತೆ," ಎಂದರು. ಸಾಲದ ಸಂಗತಿ ಹೇಳಲಿಲ್ಲ. ಆ ಸಾಹುಕಾರ ಸತ್ತಿರಬಹುದು, ಸಾಲ ತೀರಿರಬಹುದು, ಬಣ್ಣ ಬಳಿಯುವವನು ತಪ್ಪಾಗಿ ಬರೆದಿರಬಹುದು ಎಂದೆಲ್ಲ ತಮಗೆ ತಾವೇ ಸಮಾಧಾನ ಹೇಳಿಕೊಂಡು, ಸೇತುವೆಗೆ ಮರ ನೋಡಲು ಆಳುಗಳನ್ನು ಕಳಿಸಿದರು.

ರಥದ ಮೊದಲ ಮೆರವಣಿಗೆ ರಾಜಬೀದಿಯಲ್ಲಿ ಹೊರಟಿತು. ಜನ ಎರಡೂ ಬದಿಗೆ ನಿಂತು ಹೂವೆರಚುತ್ತಿದ್ದರು. ಹೂವನ್ನು ಅವರೇ ತರಬೇಕೆಂದು ಆಜ್ಞೆಯಾಗಿತ್ತು. ಮೆರವಣಿಗೆ ಪೇಟೆಚೌಕಕ್ಕೆ ಬಂದಾಗ ನಾಲ್ಕೈದು ಮಂದಿ ದಷ್ಟಪುಷ್ಟರು ಎತ್ತುಗಳನ್ನು ಹೊಡೆದುಕೊಂಡು ಅಡ್ಡ ಬಂದರು. ಗಡಿಯೂರಿನ ಸಾಹುಕಾರರ ವಸೂಲಿಯವರು. ಅವರ ಮೇಸ್ತ್ರಿ ಬಲು ಮರ್ಯಾದಸ್ಥ.

"ಅಡ್ಡಬಿದ್ದೆ ಸ್ವಾಮಿ. ಒಸಿ ಕೆಳಗಿಳೀಬೇಕು ತಾವು. ಗಾಡಿ ನಮ್ಮ ಸಾಹುಕಾರ್ರದ್ದು. ದುಗ್ಗಪ್ಪರಸ್ನೋರು ಕಂತು ಕಟ್ಟಿಲ್ಲ. ಗಾಡಿ ಇರೋದೂ ಅವ್ರ ಹೆಸರಲ್ಲಲ್ಲ, ಅವ್ರ ಭಾಮೈದನ ಹೆಸರಲ್ಲಿ."

ಮಹಾರಾಜರು ಇಳಿಯಲಿಲ್ಲ. ಪಟ್ಟಕ್ಕೇರಿದ ರಾಜ ನಡುಬೀದಿಯಲ್ಲಿ ವಾಹನದಿಂದ ಇಳಿಯುವುದು ಅಪಶಕುನ. "ಹಂಗಾದ್ರೆ ಕೂತಿರಿ ಸ್ವಾಮಿ, ನಮ್ಮದೇನೂ ಅಭ್ಯಂತರ ಇಲ್ಲ," ಎಂದು ಮೇಸ್ತ್ರಿ ರಾಜಾಶ್ವಗಳನ್ನು ಬಿಚ್ಚಿ, ತನ್ನ ಎತ್ತು ಕಟ್ಟಿ, ಮಹಾರಾಜರ ಸಮೇತ ರಥವನ್ನು ಗಡಿಯ ಕಡೆಗೆ ಹೊಡೆದುಕೊಂಡು ಹೊರಟ.

ಒಂದು ಗಳಿಗೆ ಯಾರಿಗೂ ಏನು ಮಾಡಬೇಕೆಂದು ತೋಚಲಿಲ್ಲ. ಸ್ತುತಿರತ್ನರಿಗೆ ತೋಚಿತು. "ದಿಗ್ವಿಜಯ! ಮಹಾಪ್ರಭುಗಳು ದಿಗ್ವಿಜಯಕ್ಕೆ ಹೊರಟರು!" ಎಂದು ಅವರು ಕೂಗಿದ್ದೇ ತಡ, ಕಹಳೆಗಳು ಮೊಳಗಿದವು, ಜನ ಮಿಕ್ಕ ಹೂವನ್ನೂ ಎರಚಿದರು. ಸೈನ್ಯ ಹಿಂದೆ ಹಿಂದೆ ಓಡಿತು. ಮಹಾರಾಜರು ಕೈ ಬೀಸುತ್ತಿದ್ದರು. ಸಿಂಗಪ್ಪಯ್ಯನವರು ಪಂಚೆ ಎತ್ತಿಕಟ್ಟಿ ಎಲ್ಲರಿಗಿಂತ ಮುಂದೆ ಓಡುತ್ತಿದ್ದರು, ದಾರಿಯುದ್ದಕ್ಕೂ ಗೋಡೆಗೋಡೆಯಿಂದ ಅವರದೇ ಮುಖ ಅವರನ್ನು ನೋಡಿ ನಗುತ್ತಿತ್ತು.

ಗಡಿಯೂರಿನಲ್ಲಿ ಲೆಕ್ಕವಾಯಿತು. ಬಾಕಿ ಕಂತು, ಕಂತಿಗೆ ಬಡ್ಡಿ, ಬಡ್ಡಿ ತಡವಾದದ್ದಕ್ಕೆ ದಂಡ, ಎಳೆದು ತಂದ ಎತ್ತುಗಳ ಮೇವು. ಒಟ್ಟು ಸೇತುವೆಯ ಉಳಿದರ್ಧ ಹಣದಷ್ಟಾಯಿತು. ಸಾಹುಕಾರರಿಗೆ ಅದು ಹೇಗೆ ಗೊತ್ತಿತ್ತೋ ಏನೋ.

ಸಿಂಗಪ್ಪಯ್ಯನವರಿಗೆ ಅಕ್ಕನ ಸೊಸೆಯ ಮುಖ ಕಣ್ಣ ಮುಂದೆ ಬಂತು. ಈ ಸಲ ಅವರು ನಿಜಕ್ಕೂ ಮಾತಾಡಿದರು.

"ಪ್ರಭು, ರಥ ಬಿಟ್ಟುಬಿಡೋಣ. ಹೋದದ್ದು ಹೋಯಿತು. ಈ ಹಣ ಮುಟ್ಟಬೇಡಿ, ಕೈಮುಗಿಯುತ್ತೇನೆ. ಮಳೆ ಬರುವುದರೊಳಗೆ ಸೇತುವೆ ಆಗಬೇಕು."

ಮಹಾರಾಜರು ಸಾವಧಾನವಾಗಿ ಕೇಳಿಸಿಕೊಂಡರು. ಅವರು ಎಂದೂ ಸಿಟ್ಟಾಗುತ್ತಿರಲಿಲ್ಲ. "ಬಿಡಬಹುದು ಅಮಾತ್ಯರೆ. ನಾವು ನಡೆದೇ ಊರಿಗೆ ಹೋಗಬಹುದು. ಜನ ಕೇಳುತ್ತಾರೆ, ರಥ ಏನಾಯಿತು ಅಂತ. ಆಮೇಲೆ ಕೊಳ್ಳುವಾಗ ಪರೀಕ್ಷೆ ಮಾಡಿದ್ದು ಯಾರು ಅಂತ ಕೇಳುತ್ತಾರೆ. ಏನು ಹೇಳೋಣ, ನೀವೇ ಹೇಳಿ."

ಸಿಂಗಪ್ಪಯ್ಯನವರಿಗೆ ಗೋಡೆಗಳ ಮೇಲಿನ ತಮ್ಮ ಅಷ್ಟೂ ಚಿತ್ರಗಳಿಗೆ ಜನ ಸಗಣಿ ಎರಚುವುದು ಕಣ್ಣಿಗೆ ಕಟ್ಟಿತು. ಖಜಾನೆಯಿಂದ ಹಣ ತರಿಸುವ ಆಜ್ಞೆಯನ್ನು ಅವರೇ ಬರೆದು ಮುದ್ರೆ ಒತ್ತಿದರು. ಬರೆಯುವಾಗ ನಾಚಿಕೆಯಿಂದ ಕಿವಿ ಕಾದುಹೋಗಿತ್ತು, ಆದರೆ ಅಕ್ಷರ ಮಾತ್ರ ದುಂಡಗೇ ಬಂತು.

ಮಾರನೆಯ ದಿನದ ಸಭೆ ವೈಭವದಿಂದ ನಡೆಯಿತು. ದುಗ್ಗಪ್ಪರಸ ಕಾಶಿಗೆ ಹೋಗಿದ್ದಾನೆ, ಯಾವಾಗ ಬರುತ್ತಾನೋ ಗೊತ್ತಿಲ್ಲ ಎಂದು ಮೆರುಗನಹಳ್ಳಿಯಿಂದ ಸುದ್ದಿ ಬಂದಿತ್ತು. ಸ್ತುತಿರತ್ನರು ಹೊಸ ಕಾವ್ಯ ಓದಿದರು. ಲೋಕದಲ್ಲಿ ಎಲ್ಲ ರಾಜರೂ ರಥವನ್ನು ಒಂದು ಸಲ ಕೊಳ್ಳುತ್ತಾರೆ; ಒಂದೇ ರಥವನ್ನು ಎರಡು ಸಲ ಕೊಂಡ ಉದಾರಿ ನಮ್ಮ ಪ್ರಭು ಒಬ್ಬರೇ ಎಂಬುದು ಅದರ ಸಾರಾಂಶ. ಮಹಾರಾಜರು ಆನಂದಬಾಷ್ಪ ಸುರಿಸಿ ಸಿಂಗಪ್ಪಯ್ಯನವರಿಗೆ 'ಪರೀಕ್ಷಾ ಸಾರ್ವಭೌಮ' ಎಂಬ ಬಿರುದು ಕೊಟ್ಟು, ಶಾಲು ಹೊದಿಸಿ, ತಲೆಗೆ ಪೇಟ ಸುತ್ತಿಸಿದರು. ಸಾರ್ವಭೌಮರು ಬೇಡ ಎನ್ನಲು ಹೊರಟಿದ್ದರು ಎಂದು ಕೆಲವರು ಹೇಳುತ್ತಾರೆ. ಪೇಟ ಚೆನ್ನಾಗಿ ಒಪ್ಪಿತ್ತು ಎಂದು ಎಲ್ಲರೂ ಹೇಳುತ್ತಾರೆ.

ಅಲ್ಲಿಗಾದರೂ ಸುಮ್ಮನಿರಬಹುದಿತ್ತು. ಅವರ ಬುದ್ಧಿ ಮತ್ತೆ ಚುರುಕಾಯಿತು. "ಪ್ರಭು, ಸೇತುವೆಗೆ ಹಣ ಕೂಡಿಸಲು ಒಂದು ದಾರಿಯಿದೆ. ಹೊಳೆ ದಾಟುವವರಿಂದ ತಲೆಗಿಷ್ಟು ಎಂದು ಈಗಿನಿಂದಲೇ ಸೇತುವೆ ಸುಂಕ ಎತ್ತೋಣ. ಅದರಿಂದ ಸೇತುವೆ ಕಟ್ಟೋಣ."

"ಅಮೋಘ!" ಎಂದರು ಮಹಾರಾಜರು. ಹೊಳೆಯ ಎರಡೂ ದಂಡೆಗಳಲ್ಲಿ ಮಾರನೆಯ ದಿನವೇ ಸುಂಕದ ಕಟ್ಟೆ ಎದ್ದಿತು. ವೀಳ್ಯಾವತಿಯಲ್ಲಿ ಅಷ್ಟು ಬೇಗ ಇನ್ಯಾವುದೂ ಕಟ್ಟಿ ಮುಗಿದದ್ದಿಲ್ಲ. ಬಂದ ಹಣ ಮೊದಲು ರಥದ ಅಚ್ಚಿಗೆ ಹೋಯಿತು, ಆಮೇಲೆ ರಥದ ಬಣ್ಣಕ್ಕೆ, ಆಮೇಲೆ ಮಹಾರಾಜರು ಕುಪ್ಪಳಿಸಿ ಹಾಳುಮಾಡಿದ ಕುಶನ್‌ಗೆ. ಸೇತುವೆಗೆ ಎಂದು ತಂದ ಮರಗಳಿಂದ ರಥಕ್ಕೊಂದು ಕೊಟ್ಟಿಗೆ ಆಯಿತು. ಜನ ಹರಿಗೋಲಿನವನಿಗೆ ಕೂಲಿ ಕೊಟ್ಟು, ಇಲ್ಲದ ಸೇತುವೆಗೆ ಸುಂಕ ಕೊಟ್ಟು ದಾಟುತ್ತಿದ್ದರು. ಕಟ್ಟಲಾಗದವರು ತಂದ ಸಾಮಾನನ್ನು ಕಟ್ಟೆಯಲ್ಲಿ ಒತ್ತೆ ಇಟ್ಟು ಹೋಗಬೇಕೆಂಬ ನಿಯಮವನ್ನೂ ಪರೀಕ್ಷಾ ಸಾರ್ವಭೌಮರೇ ಮುಂದಾಲೋಚನೆಯಿಂದ ಸೇರಿಸಿದ್ದರು.

ಮಳೆ ಆ ವರ್ಷ ಬೇಗ ಹಿಡಿಯಿತು.

ಒಂದು ಬೆಳಗ್ಗೆ ಪುಟ್ಟತಾಯಮ್ಮ ತೊಯ್ದು ತೊಪ್ಪೆಯಾಗಿ ತಮ್ಮನ ಬಾಗಿಲಿಗೆ ಬಂದು ನಿಂತರು. ಏದುಸಿರು ಬಿಡುತ್ತಿದ್ದರು. ಸಿಂಗಪ್ಪಯ್ಯನವರು ಬಾಗಿಲಿಗೆ ಓಡಿ ಬಂದರು.

"ಅಕ್ಕ, ಏನಾಯ್ತು? ಸೊಸೆ ಎಲ್ಲಿ?"

"ನೋವು ಬಂತು ಕಣೋ. ಹೊಳೆ ಏರೋದ್ರೊಳಗೆ ಈಚೆ ಬಂದುಬಿಡಾನ ಅಂತ ಹರಿಗೋಲು ಹತ್ತಿಸ್ದೆ. ನಡುನೀರಲ್ಲೇ ಆಗೋಯ್ತು. ಹರಿಗೋಲ್ನೋನು ಮುಖ ಆಚೆ ತಿರುಗಿಸ್ಕೊಂಡು ಹುಟ್ಟು ಹಾಕ್ತಿದ್ದ. ನಾನೇ ಕೈಯೊಡ್ಡಿ ಹಿಡ್ಕೊಂಡೆ. ಹೆಣ್ಣು ಮಗು. ಏನು ಅಳ್ತದೆ ಅಂತೀಯ!"

"ಇಬ್ರೂ ಚೆನ್ನಾಗಿದ್ದಾರಾ?"

"ಚೆನ್ನಾಗವ್ರೆ."

ಸಿಂಗಪ್ಪಯ್ಯನವರು ಹೊಸ್ತಿಲ ಮೇಲೆ ಕುಸಿದು ಕೂತು ಹುಡುಗರ ಹಾಗೆ ಬಿಕ್ಕಿಬಿಕ್ಕಿ ಅತ್ತರು. ಅಕ್ಕ ಅವರ ತಲೆ ಸವರಲಿಲ್ಲ. ನಿಂತೇ ಇದ್ದರು.

"ಅಳೋದು ಆಮೇಲೆ ಮಾಡು, ಎದ್ದೇಳು. ದುಡ್ಡು ತಗೋ. ಹತ್ತುವಾಗ ಇಬ್ರಿಗೆ ಅಂತ ಸೇತುವೆ ಸುಂಕ ಕಟ್ಟಿದ್ದೆ. ಇಳಿಯುವಾಗ ನಿನ್ನ ಕಟ್ಟೆಯೋನು ತಲೆ ಎಣಿಸ್ದ. ಮೂರು ಜನ ಇದೀರಲ್ಲಮ್ಮ ಅಂದ. ಈಗ ಹುಟ್ಟಿದ್ದು ಕಣಪ್ಪ, ಇನ್ನೂ ಮೈ ಒರೆಸಿಲ್ಲ ಅಂದೆ. ಸುಂಕಕ್ಕೆ ವಯಸ್ಸಿಲ್ಲ ತಾಯಿ, ಸಾರ್ವಭೌಮರು ಮಾಡಿರೋ ಕಾನೂನು ಅಂದ. ನನ್ನ ಹತ್ರ ಇನ್ನು ಬಿಡಿಗಾಸು ಇರ್ಲಿಲ್ಲ. ಮಗೂನ ಒತ್ತೆ ಇಟ್ಕೊಂಡವ್ನೆ. ಅವ್ಳು ಬಿಟ್ಟು ಬರಾಕಿಲ್ಲ ಅಂತ ಅಲ್ಲೇ ಮಳೇಲಿ ಕೂತವ್ಳೆ."

ಸಿಂಗಪ್ಪಯ್ಯನವರು ಮಳೆಯಲ್ಲೇ ಓಡಿದರು. ಕಟ್ಟೆಯವನು ಅವರನ್ನು ಕಂಡು ಎದ್ದು ನಿಂತು ಸೊಂಟ ಬಾಗಿಸಿ ನಮಸ್ಕಾರ ಮಾಡಿದ. ಮಗುವನ್ನು ಒಣಗಿದ ಗೋಣಿಯ ಮೇಲೆ ಬೆಚ್ಚಗೆ ಮಲಗಿಸಿದ್ದ, ಪಾಪ, ಕೆಟ್ಟವನಲ್ಲ. ಅವರಿಂದ ಹೆಚ್ಚೇನೂ ಕೇಳಲಿಲ್ಲ. ಒಂದು ತಲೆಯ ಸುಂಕ, ತಡವಾದದ್ದಕ್ಕೆ ದಂಡ. ಸಿಂಗಪ್ಪಯ್ಯನವರು ಎಣಿಸಿ ಕೊಟ್ಟು, ರಸೀದಿ ಪಡೆದು, ಮಗುವನ್ನು ಬಿಡಿಸಿಕೊಂಡು ಅದರ ತಾಯಿಯ ಕೈಗೆ ಕೊಟ್ಟರು.